ಯಾಚನೆಯೂ ಮೇಲ್ಮನವಿಯೂ

ದುಡಿಯಬಲ್ಲವನು ಬೇಡಿ ಉಣ್ಣುವುದು ಶರಣಮಾರ್ಗಕ್ಕೆ ಸಲ್ಲದೆಂಬ ಮಾತನ್ನು ಲಿಂಗವಂತರ ಮನೆಗಳಲ್ಲಿ ಮಕ್ಕಳು ಅಕ್ಷರಾಭ್ಯಾಸಕ್ಕೆ ಮೊದಲೇ ಕೇಳಿರುತ್ತಾರೆ. ಕಲ್ಯಾಣದ ಮಹಾಮನೆಯಲ್ಲಿ ಅಂಬಿಗರಿದ್ದರು, ಮಡಿವಾಳರಿದ್ದರು, ಹಗ್ಗ ಹೊಸೆಯುವವರಿದ್ದರು, ಬೀದಿ ಗುಡಿಸುವವರಿದ್ದರು. ಅವರೆಲ್ಲರ ಹಿರಿಮೆ ಅವರವರ ಕಾಯಕದಿಂದ ಬಂದುದೇ ಹೊರತು ಪರರ ಔದಾರ್ಯದಿಂದ ಬಂದುದಲ್ಲ. ಇಷ್ಟು ನಿರ್ವಿವಾದವಾದ ತತ್ತ್ವವೂ ಕೆಲವು ವೇಳೆ ಅಪಾರ್ಥಕ್ಕೆ ಈಡಾಗುವುದುಂಟು. ಕಾಯಕದ ಹೆಸರಿನಲ್ಲಿಯೇ, ಕಾಯಕ ಮಾಡಿ ದಣಿದ ದೇಹಕ್ಕೆ ಸಲ್ಲಬೇಕಾದುದನ್ನು ಕೇಳುವುದೂ ಹೀನವೆಂದು ಎಣಿಸುವವರಿದ್ದಾರೆ. ಸರ್ಕಾರವು ವೃದ್ಧರಿಗೆ, ವಿಧವೆಯರಿಗೆ, ಅಂಗವಿಕಲರಿಗೆ ಕೊಡುವ ಮಾಸಾಶನವನ್ನು ಯಾವುದೋ ಕಾರಣದಿಂದ ನಿರಾಕರಿಸಿದರೆ ಅಥವಾ ನಡುವೆ ನಿಲ್ಲಿಸಿದರೆ, ಆ ತೀರ್ಮಾನದ ಮೇಲೆ ಮೇಲಧಿಕಾರಿಯಲ್ಲಿ ಮನವಿ ಮಾಡಿಕೊಳ್ಳುವುದು ಭಕ್ತನಿಗೆ ಉಚಿತವೇ? ಒಮ್ಮೆ ಬೇಡಿದುದೇ ಕುಂದೆನಿಸಿರುವಾಗ, ಇಲ್ಲವೆಂದ ಬಳಿಕವೂ ಮತ್ತೆ ಬೇಡುವುದು ಇಮ್ಮಡಿ ಕುಂದಲ್ಲವೇ? ಈ ಪ್ರಶ್ನೆ ಮೇಲ್ನೋಟಕ್ಕೆ ಕಚೇರಿಯ ವ್ಯವಹಾರಕ್ಕೆ ಸೇರಿದುದೆಂದು ತೋರಿದರೂ ಒಳಹೊಕ್ಕು ನೋಡಿದರೆ ಆಚಾರಕ್ಕೆ ಸೇರಿದುದು, ಆದುದರಿಂದ ವಿಚಾರಾರ್ಹವಾದುದು.

ಹಿಂದೆ ಮಂಜರಾಬಾದೆಂದು ಹೆಸರಾಗಿದ್ದ ಸಕಲೇಶಪುರದ ಸೀಮೆಯಲ್ಲಿಯೂ ಅದಕ್ಕೆ ಹೊಂದಿಕೊಂಡ ಆಲೂರಿನ ಗುಡ್ಡಗಳಲ್ಲಿಯೂ ಈ ಪ್ರಶ್ನೆ ಪುಸ್ತಕದ ಪ್ರಶ್ನೆಯಾಗಿ ಉಳಿದಿಲ್ಲ. ಹೆತ್ತೂರು, ಯಸಳೂರು, ಹಾನಬಾಳು, ಬೆಳಗೋಡು ಹೋಬಳಿಗಳಲ್ಲಿ ಮನೆಗಳು ಒತ್ತಾಗಿರುವುದಿಲ್ಲ. ತೋಟಕ್ಕೊಂದು ಮನೆ, ದಿಣ್ಣೆಗೊಂದು ಮನೆ. ಮುಂಗಾರು ಹಿಡಿದರೆ ತಿಂಗಳುಗಟ್ಟಲೆ ಬಿಡದ ಮಳೆ. ಕಾಫಿಯ ತೋಟಗಳಲ್ಲಿ, ಏಲಕ್ಕಿಯ ಮಲೆಗಳಲ್ಲಿ, ಗದ್ದೆಯ ಕೆಸರಿನಲ್ಲಿ ಹರೆಯವೆಲ್ಲ ಕಳೆದವರ ಹತ್ತಿರ ಹುಟ್ಟಿದ ದಿನವನ್ನು ತೋರಿಸುವ ಕಾಗದವಿರುವುದು ಅಪರೂಪ. ಒಂದು ಚೀಟಿಯಲ್ಲಿ ಒಂದು ಹೆಸರು, ಇನ್ನೊಂದು ಚೀಟಿಯಲ್ಲಿ ಇನ್ನೊಂದು. ಮತದಾರರ ಪಟ್ಟಿಯಲ್ಲಿ ಒಂದು ವಯಸ್ಸು, ಆಧಾರ್ ಕಾರ್ಡಿನಲ್ಲಿ ಮತ್ತೊಂದು. ಇಂಥವರ ಅರ್ಜಿ ತಿರಸ್ಕೃತವಾಗುವುದಕ್ಕೆ ಯಾರ ದುರುದ್ದೇಶವೂ ಬೇಕಾಗಿಲ್ಲ. ಎರಡು ಕಾಗದಗಳು ಒಂದನ್ನೊಂದು ಒಪ್ಪದಿದ್ದರೆ ಸಾಕು.

ಇಂಥ ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಬಹುದು. ಗುಡ್ಡದ ಮೇಲಿನ ಒಂಟಿಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ವಿಧವೆ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ. ನಲವತ್ತು ವರ್ಷ ಪರರ ತೋಟದಲ್ಲಿ ಹಣ್ಣು ಕುಯ್ದ ಕೈ. ಕೆಲವು ವರ್ಷ ಬರುತ್ತಿದ್ದ ಮಾಸಾಶನ ಒಂದು ತಿಂಗಳು ನಿಂತುಹೋಯಿತು. ವಿಚಾರಿಸಲಾಗಿ, ಕುಟುಂಬದ ಆದಾಯ ಮಿತಿಗಿಂತ ಹೆಚ್ಚಾಗಿದೆ ಎಂಬ ಉತ್ತರ ಬಂದಿತು. ಪಡಿತರ ಚೀಟಿಯಲ್ಲಿ ಮಗನ ಹೆಸರು ಇನ್ನೂ ಇದೆ. ಮಗ ಬೆಂಗಳೂರಿನಲ್ಲಿ ಸಂಬಳಕ್ಕಿದ್ದಾನೆ. ಅವನು ಹಬ್ಬಕ್ಕೆ ಬರುತ್ತಾನೆ, ಸೀರೆ ತರುತ್ತಾನೆ, ತಿಂಗಳ ಖರ್ಚಿಗೆ ಕಳುಹಿಸುವುದು ಒಮ್ಮೆ ಉಂಟು, ಮೂರು ಬಾರಿ ಇಲ್ಲ. ನೆರೆಯವರೊಬ್ಬರು, “ಅವ್ವಾ, ಮೇಲೆ ಅರ್ಜಿ ಹಾಕು, ಮಗ ನೋಡುವುದೇ ಇಲ್ಲ, ಸಂಬಂಧವೇ ಇಲ್ಲ ಎಂದು ಬರೆಸು” ಎನ್ನುತ್ತಾರೆ. ಮತ್ತೊಬ್ಬರು, “ಶಿವ ಕೊಟ್ಟಷ್ಟರಲ್ಲಿ ಇರಬೇಕಮ್ಮ, ಸರ್ಕಾರದ ಬಾಗಿಲು ಎಷ್ಟು ಸಲ ಕಾಯುತ್ತೀ?” ಎನ್ನುತ್ತಾರೆ. ಮೊದಲನೆಯ ಮಾತಿನಲ್ಲಿ ಧೈರ್ಯವಿದೆ, ಸತ್ಯವಿಲ್ಲ. ಎರಡನೆಯದರಲ್ಲಿ ವಿನಯವಿದ್ದಂತೆ ತೋರುತ್ತದೆ. ಅದು ನಿಜವಾದ ವಿನಯವೇ ಎಂಬುದನ್ನು ನೋಡಬೇಕು. ಈ ಎರಡು ಮಾತುಗಳ ನಡುವೆ ಆ ತಾಯಿ ಹಿಡಿಯಬೇಕಾದ ದಾರಿ ಯಾವುದು?

ಮೊಟ್ಟಮೊದಲು ಈ ಮಾಸಾಶನದ ಸ್ವರೂಪವೇನೆಂಬುದನ್ನು ತಿಳಿಯಬೇಕು. ವೃದ್ಧಾಪ್ಯ, ರೋಗ, ನಿರುದ್ಯೋಗ ಮುಂತಾದ ಸಂದರ್ಭಗಳಲ್ಲಿ ಪ್ರಜೆಗಳಿಗೆ ಸಾರ್ವಜನಿಕ ನೆರವು ದೊರೆಯುವಂತೆ ರಾಜ್ಯವು ತನ್ನ ಶಕ್ತಿಗೆ ತಕ್ಕಂತೆ ವ್ಯವಸ್ಥೆ ಮಾಡಬೇಕೆಂದು ನಮ್ಮ ಸಂವಿಧಾನದ 41ನೆಯ ಅನುಚ್ಛೇದ ವಿಧಿಸುತ್ತದೆ. ಇದು ನಿರ್ದೇಶಕ ತತ್ತ್ವವಾದುದರಿಂದ ಇದೊಂದನ್ನೇ ಹಿಡಿದು ನ್ಯಾಯಾಲಯದಲ್ಲಿ ಹಟ ಹಿಡಿಯಲಾಗದು. ಆದರೆ ದೇಶದ ಆಡಳಿತಕ್ಕೆ ಇವೇ ಮೂಲಭೂತವೆಂದು 37ನೆಯ ಅನುಚ್ಛೇದವೇ ಸಾರುತ್ತದೆ. ಈ ತತ್ತ್ವಕ್ಕೆ ರೂಪ ಕೊಡುವುದಕ್ಕಾಗಿ ಕೇಂದ್ರ ಸರ್ಕಾರವು 1995ರ ಆಗಸ್ಟ್ 15ರಂದು ರಾಷ್ಟ್ರೀಯ ಸಾಮಾಜಿಕ ನೆರವಿನ ಕಾರ್ಯಕ್ರಮವನ್ನು ಆರಂಭಿಸಿತು. ಕರ್ನಾಟಕವು 2007ರಲ್ಲಿ ಸಂಧ್ಯಾ ಸುರಕ್ಷಾ ಯೋಜನೆಯನ್ನು ಜಾರಿಗೆ ತಂದು ಸಣ್ಣ ರೈತರು, ಕೃಷಿ ಕೂಲಿಕಾರರು, ನೇಕಾರರು, ಮೀನುಗಾರರು ಮೊದಲಾದ ಶ್ರಮಿಕರಲ್ಲಿ 65 ವರ್ಷ ತುಂಬಿದ ಬಡವರನ್ನು ಅದರೊಳಕ್ಕೆ ಸೇರಿಸಿತು. ಈ ಯೋಜನೆಯ ಮೊತ್ತವನ್ನು 2021ರಲ್ಲಿ ತಿಂಗಳಿಗೆ 1,000 ರೂಪಾಯಿಯಿಂದ 1,200 ರೂಪಾಯಿಗೆ ಏರಿಸಲಾಯಿತು. ದಿನಕ್ಕೆ ಹಂಚಿದರೆ 40 ರೂಪಾಯಿ.

ಯೋಜನೆಯಲ್ಲಿ ಹೇಳಿರುವ ಶ್ರಮಿಕರ ಪಟ್ಟಿಯನ್ನು ಗಮನಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಇದು ಸೋಮಾರಿಗೆ ಕೊಟ್ಟ ಭಿಕ್ಷೆಯಲ್ಲ. ದುಡಿದು ಮುಪ್ಪಾದವನಿಗೆ ಸಮಾಜವು ತನ್ನ ಭಂಡಾರದಿಂದ ಮಾಡುವ ಸಲ್ಲಿಕೆ. ಆ ಭಂಡಾರಕ್ಕೆ ಧನಿಕನ ತೆರಿಗೆ ಹೋದಂತೆ, ಕೂಲಿಯವಳು ಕೊಂಡ ಸಾಬೂನಿನ ಮೇಲಿನ ತೆರಿಗೆಯೂ ಹೋಗಿದೆ. ಯಾಚಕನು ಪರರ ಸ್ವತ್ತನ್ನು ಬಯಸುತ್ತಾನೆ. ಕೊಡುವುದೂ ಬಿಡುವುದೂ ದಾತನ ಇಚ್ಛೆ. ಕೊಡದಿದ್ದರೆ ಕಾರಣ ಕೇಳುವ ಅಧಿಕಾರ ಯಾಚಕನಿಗಿಲ್ಲ. ಮೇಲ್ಮನವಿ ಮಾಡುವವನಾದರೋ ಯಾರ ಇಚ್ಛೆಯನ್ನೂ ಒಲಿಸಿಕೊಳ್ಳಲು ಹೊರಟವನಲ್ಲ. ಎಲ್ಲರಿಗೂ ಒಂದೇ ಆಗಿರುವ ನಿಯಮವೊಂದಿದೆ, ಆ ನಿಯಮ ತನ್ನ ವಿಷಯದಲ್ಲಿ ತಪ್ಪಾಗಿ ಅನ್ವಯವಾಗಿದೆ, ಅದನ್ನು ಮತ್ತೆ ನೋಡಿ ಎಂದಷ್ಟೇ ಅವನು ಹೇಳುತ್ತಾನೆ. ಅವನು ಕೇಳುವುದು ಹಣಕ್ಕಿಂತ ಮೊದಲು ಉತ್ತರವನ್ನು. ಯಾಚನೆಗೂ ಮೇಲ್ಮನವಿಗೂ ಇರುವ ಈ ಅಂತರವನ್ನು ಅರಿಯದವರು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ.

ಈ ಗುಡ್ಡಗಳ ಜನರಿಗೆ ಪರಿಚಿತವಾದ ಇನ್ನೊಂದು ಉದಾಹರಣೆಯಿಂದ ವಿಷಯ ಮತ್ತಷ್ಟು ತಿಳಿಯಾದೀತು. ಆಲೂರು-ಸಕಲೇಶಪುರ ಭಾಗದಲ್ಲಿ ಆನೆಗಳ ಹಾವಳಿ ಎಷ್ಟೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಉಚ್ಚ ನ್ಯಾಯಾಲಯದ ಆದೇಶದಂತೆ ರಚಿತವಾದ ಕರ್ನಾಟಕ ಆನೆ ಕಾರ್ಯಪಡೆಯು 2012ರಲ್ಲಿ ಕೊಟ್ಟ ವರದಿಯಲ್ಲಿ ಈ ಭಾಗದ ಸಂಗತಿಯೂ ಚರ್ಚಿತವಾಯಿತು. 2014ರಲ್ಲಿ ಇಲ್ಲಿಂದ 22 ಆನೆಗಳನ್ನು ಹಿಡಿದು ಸಾಗಿಸಲಾಯಿತು. ಆ ಬಳಿಕವೂ ಆನೆಗಳ ಸಂಚಾರ ನಿಲ್ಲಲಿಲ್ಲ. ಗದ್ದೆ ತುಳಿದುಹೋದಾಗ, ಬಾಳೆ ಮುರಿದುಹೋದಾಗ ಅರಣ್ಯ ಇಲಾಖೆ ಕೊಡುವ ಹಣಕ್ಕೆ ಕಾಗದದಲ್ಲಿ ‘ದಯಾತ್ಮಕ ಧನ’ ಎಂದು ಹೆಸರು. ಹೆಸರನ್ನು ಕೇಳಿದರೆ ಅದು ಕೇವಲ ದಯೆಯಿಂದ ಬಂದುದು, ಹೆಚ್ಚು ಕಡಿಮೆಯಾದರೆ ಪ್ರಶ್ನಿಸಬಾರದು ಎಂದು ತೋರುತ್ತದೆ. ದಯೆಯನ್ನು ಧರ್ಮದ ಬೇರೆಂದು ಕಂಡವರು ಬಸವಣ್ಣನವರು. ಬೇರು ಗಟ್ಟಿಯಾಗಿದ್ದರೆ ಗಿಡದಲ್ಲಿ ಕಾಂಡವೂ ಎಲೆಯೂ ಕಾಣಿಸಿಕೊಳ್ಳಬೇಕಲ್ಲವೇ? ಒಬ್ಬನಿಗೆ ಒಂದು ಬಗೆ, ಮತ್ತೊಬ್ಬನಿಗೆ ಇನ್ನೊಂದು ಬಗೆ, ಕೇಳಿದವನಿಗೆ ಗದರಿಕೆ ಎಂದಾದರೆ ಅದು ದಯೆಯ ಹೆಸರು ಹೊತ್ತ ದರ್ಪ. ದಯೆಯು ನಿಯಮದ ರೂಪ ತಾಳಿ ಎಲ್ಲರಿಗೂ ಸಮನಾಗಿ ಹರಿಯಲಾರಂಭಿಸಿದಾಗ ಅದಕ್ಕೆ ನ್ಯಾಯವೆಂದು ಹೆಸರು. ನ್ಯಾಯವಿದ್ದಲ್ಲಿ ಪ್ರಶ್ನೆಗೆ ಎಡೆಯುಂಟು.

ಪ್ರಶ್ನಿಸದೆ ಇರುವುದರಿಂದ ಆಗುವ ಹಾನಿಗೂ ಇಲ್ಲಿಯೇ ನಿದರ್ಶನವುಂಟು. ಗೊರೂರಿನಲ್ಲಿ ಹೇಮಾವತಿಗೆ ಕಟ್ಟೆ ಕಟ್ಟಿದಾಗ ಎಷ್ಟೋ ಊರುಗಳು ನೀರಿನ ಪಾಲಾದವು. ಅಂದು ಜಾರಿಯಲ್ಲಿದ್ದ 1894ರ ಭೂಸ್ವಾಧೀನ ಕಾಯಿದೆಯಲ್ಲಿ ಒಂದು ವಿಶೇಷವಿತ್ತು. ಅಧಿಕಾರಿ ಗೊತ್ತುಮಾಡಿದ ಪರಿಹಾರ ಸಾಲದೆಂದು ಕಂಡವನು ಅದನ್ನು ಸಿವಿಲ್ ನ್ಯಾಯಾಲಯದ ವಿಚಾರಣೆಗೆ ಕಳುಹಿಸಿರೆಂದು ಕೇಳಬಹುದಾಗಿತ್ತು. ಆದರೆ ಹಣವನ್ನು ಪಡೆಯುವಾಗ ಆಕ್ಷೇಪಣೆಯೊಡನೆ ಪಡೆದವನಿಗೆ ಮಾತ್ರ ಆ ದಾರಿ. ಏನನ್ನೂ ಹೇಳದೆ ಪಡೆದುಕೊಂಡವನು ಒಪ್ಪಿದಂತೆಯೇ ಲೆಕ್ಕ. ಆ ಕಾಯಿದೆಯ ಸ್ಥಾನದಲ್ಲಿ 2013ರ ಹೊಸ ಕಾಯಿದೆ ರಚಿತವಾಗಿ 2014ರ ಜನವರಿ 1ರಿಂದ ಜಾರಿಗೆ ಬಂದಿದೆ. ಹಳೆಯ ಕಾಯಿದೆ ಹೋದರೂ ಅದು ಕಲಿಸಿದ ಪಾಠ ಉಳಿದಿದೆ. ಮೌನವನ್ನು ಮನೆಯವರು ತಾಳ್ಮೆಯೆಂದು ಓದಿಯಾರು. ಕಡತವು ಅದನ್ನು ಸಮ್ಮತಿಯೆಂದೇ ಓದುತ್ತದೆ.

ಇನ್ನು, ಶಿವನಿತ್ತಷ್ಟರಲ್ಲಿ ತೃಪ್ತಿಯಿಂದಿರಬೇಕೆಂಬ ಮಾತು. ತೃಪ್ತಿ ದೊಡ್ಡ ಗುಣವೇ ಸರಿ. ಆದರೆ ಅದು ತನ್ನ ಆಸೆಗೆ ತಾನೇ ಹಾಕಿಕೊಳ್ಳುವ ಎಲ್ಲೆ. ಹೊಟ್ಟೆ ತುಂಬಿದವನು ಹಸಿದವನಿಗೆ ಬೋಧಿಸುವ ಪಾಠವಲ್ಲ. ಗುಮಾಸ್ತನ ಕೈಯಲ್ಲಿ ಒಂದು ಅಂಕಿ ತಪ್ಪಿದುದನ್ನು ಶಿವಸಂಕಲ್ಪವೆನ್ನುವುದು ಶಿವನಿಗೆ ಮಾಡುವ ಗೌರವವಲ್ಲ. ಹುಟ್ಟಿನ ಮೇಲೆ ಹೊರಿಸಿದ್ದ ಮೇಲು ಕೀಳುಗಳನ್ನು ಹಣೆಬರಹವೆಂದು ಶರಣರು ಸುಮ್ಮನೆ ಒಪ್ಪಿದ್ದರೆ ಅನುಭವಮಂಟಪವೆಂಬುದೇ ಇರುತ್ತಿರಲಿಲ್ಲ. ಮನುಷ್ಯನು ಮಾಡಿದ ತಪ್ಪನ್ನು ಮನುಷ್ಯನೇ ತಿದ್ದಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆ ಹುಟ್ಟಿದ್ದು ಸುಮ್ಮನೆ ಅಲ್ಲ. ಪೂಜಾರಿಯನ್ನು ಕೇಳುವುದು ದೇವರ ಮೇಲಿನ ಅಪನಂಬಿಕೆಯೆಂದು ಯಾರೂ ಹೇಳರು.

ನಲವತ್ತು ರೂಪಾಯಿಗೆ ಇಷ್ಟು ಅಲೆದಾಟವೇ ಎಂದು ಕೇಳುವವರೂ ಇದ್ದಾರೆ. ಮೊತ್ತದ ಸಣ್ಣತನ ದೊಡ್ಡತನ ನೋಡುವವನ ಮನೆಯ ಮೇಲೆ ನಿಂತಿದೆ. ನೂರು ಮೂಟೆ ಕಾಫಿ ಕಣದಲ್ಲಿ ಹರಡಿದವನಿಗೆ ಅದು ಲೆಕ್ಕಕ್ಕೆ ಬಾರದ ಹಣ. ಗುಡ್ಡದ ಮೇಲಿನ ವಿಧವೆಗೆ ಅದು ರಕ್ತದೊತ್ತಡದ ಮಾತ್ರೆ, ಬಸ್ಸಿನ ಚೀಟಿ, ಮನೆಗೆ ಬಂದ ಜಂಗಮರಿಗೆ ಎರಡು ಲೋಟ ಹಾಲು. ಈ ಕೊನೆಯದನ್ನು ಗಮನಿಸಬೇಕು. ಕೊಡುವುದಕ್ಕೆ ಕೈಯಲ್ಲಿ ಏನೂ ಇಲ್ಲದವಳಿಗೆ ದಾಸೋಹದ ಬಾಗಿಲು ಮುಚ್ಚಿದಂತಾಗುತ್ತದೆ. ಸಲ್ಲಬೇಕಾದುದು ಸಲ್ಲದಿದ್ದರೆ ಆಕೆ ಪಡೆಯುವವಳಾಗಿ ಮಾತ್ರ ಉಳಿಯುತ್ತಾಳೆ. ಸಂದರೆ ಕೊಡುವವಳೂ ಆಗುತ್ತಾಳೆ.

ಇಷ್ಟು ಹೇಳಿದ ಮೇಲೆ ಮೊದಲನೆಯ ನೆರೆಯವರ ಮಾತಿಗೆ ಬರಬೇಕು. ನಿಜವಾದ ಕಷ್ಟವಿರುವುದು ಅಲ್ಲಿಯೇ. ಹಕ್ಕು ನಿಜವಾಗಿದ್ದರೆ ಅದನ್ನು ಪಡೆಯುವುದಕ್ಕೆ ಒಂದು ಸುಳ್ಳು ಹೇಳಿದರೇನು? ಮಗ ಸತ್ತನೆಂದು ಹೇಳಬೇಕಾಗಿಲ್ಲ. ನೋಡುವುದೇ ಇಲ್ಲವೆಂದರೆ ಸಾಕು. ಅದು ಮುಕ್ಕಾಲು ನಿಜವೇ ತಾನೆ? ಈ ಸಂದರ್ಭದಲ್ಲಿ ಆಯ್ದಕ್ಕಿ ಲಕ್ಕಮ್ಮನವರ ಕಥೆ ದಾರಿ ತೋರಬಲ್ಲುದು. ಬಸವಣ್ಣನವರ ಮನೆಯಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚಾಗಿ ತಂದರು. ಲಕ್ಕಮ್ಮನವರು ಅದನ್ನು ಕಂಡು ಸಂತೋಷಪಡಲಿಲ್ಲ. ಹೆಚ್ಚಾದುದನ್ನು ಹಿಂದಕ್ಕೆ ಹಾಕಿ ಬನ್ನಿರೆಂದು ಕಳುಹಿಸಿದರು. ಅವರ ಮನೆಯಲ್ಲಿ ಅಕ್ಕಿ ಉಕ್ಕಿ ಹರಿಯುತ್ತಿರಲಿಲ್ಲ, ಅವರೂ ಬಡವರೇ. ಬಡತನವು ಅಳತೆಯನ್ನು ಮೀರುವುದಕ್ಕೆ ಅಪ್ಪಣೆ ಕೊಡುವುದಿಲ್ಲವೆಂಬುದು ಆ ತಾಯಿಯ ನಿಲುವು.

ಈ ಕಥೆಯನ್ನು ಬಡವರ ಬಾಯಿ ಮುಚ್ಚಿಸಲು ಬಳಸುವುದುಂಟು, ಅದು ತಪ್ಪು. ಲಕ್ಕಮ್ಮನವರು ಹಿಂದಿರುಗಿಸಿದುದು ಹೆಚ್ಚಾದುದನ್ನು ಮಾತ್ರ. ಅಂದಂದಿಗೆ ಸಲ್ಲುವ ಅಕ್ಕಿಯನ್ನು ಅವರು ಬೇಡವೆನ್ನಲಿಲ್ಲ. ಅಳತೆಗಿಂತ ಹೆಚ್ಚು ಬಂದಾಗ ಹಿಂದಿರುಗಿಸುವ ನಿಷ್ಠೆ ಇದ್ದವರಿಗೆ, ಅಳತೆಗಿಂತ ಕಡಿಮೆ ಬಂದಾಗ ಕೇಳುವ ಧೈರ್ಯವೂ ಸಹಜವಾಗಿಯೇ ಇರುತ್ತದೆ. ಎರಡೂ ಒಂದೇ ಅಳತೆಗೋಲಿನ ಎರಡು ತುದಿಗಳು. ಆದುದರಿಂದ ಮೇಲ್ಮನವಿಯಲ್ಲಿ ಬರೆಯಬೇಕಾದುದು ಇದ್ದುದನ್ನು ಇದ್ದಂತೆ: ಮಗನಿದ್ದಾನೆ, ಬೇರೆ ಊರಿನಲ್ಲಿ ಬೇರೆ ಸಂಸಾರ ಹೂಡಿದ್ದಾನೆ, ಹಿಂದಿನ ವರ್ಷ ಇಂತಿಂಥ ತಿಂಗಳಲ್ಲಿ ಇಷ್ಟಿಷ್ಟು ಕಳುಹಿಸಿದ, ಬ್ಯಾಂಕಿನ ಪುಸ್ತಕ ಇಲ್ಲಿದೆ. ಇಷ್ಟನ್ನು ಓದಿದ ಅಧಿಕಾರಿ ನಿಯಮದಂತೆ ಸಲ್ಲುವುದೆಂದರೆ ಅದು ಶುದ್ಧವಾದ ಹಣ. ಸಲ್ಲುವುದಿಲ್ಲವೆಂದರೆ ಆ ಸೋಲಿನಲ್ಲಿಯೂ ಕಳಂಕವಿಲ್ಲ. ಸುಳ್ಳಿನಿಂದ ಗೆದ್ದ ಹಣವಾದರೋ ಪ್ರತಿ ತಿಂಗಳೂ ಆ ಸುಳ್ಳನ್ನು ಮತ್ತೆ ಹೇಳಿಸುತ್ತದೆ. ಮಗ ಹಬ್ಬಕ್ಕೆ ಬಂದಾಗ ತಾಯಿ ಬಾಗಿಲು ಮುಚ್ಚಬೇಕಾಗುತ್ತದೆ.

ಆ ಬರವಣಿಗೆಯಿಂದ ಮಗನಿಗೆ ಅವಮಾನವಾಗದೇ ಎಂದು ತಾಯಿಯ ಕರುಳು ಅಂಜಬಹುದು. ಅಂಜಿಕೆ ಸಹಜ. ಆದರೆ ಆ ಅವಮಾನ ಕಾಗದದಿಂದ ಹುಟ್ಟಿದುದಲ್ಲ, ನಡತೆಯಿಂದ ಹುಟ್ಟಿದುದು. ತಂದೆತಾಯಿಗಳ ಪೋಷಣೆ ಮತ್ತು ಹಿರಿಯ ನಾಗರಿಕರ ಯೋಗಕ್ಷೇಮಕ್ಕಾಗಿ 2007ರಲ್ಲಿ ಬಂದ ಕಾಯಿದೆಯು ಮಕ್ಕಳಿಂದ ಪೋಷಣವೆಚ್ಚ ಕೇಳುವ ಅಧಿಕಾರವನ್ನು ಹೆತ್ತವರಿಗೆ ಕೊಟ್ಟಿದೆ. ಕರ್ನಾಟಕದಲ್ಲಿ ಉಪವಿಭಾಗಾಧಿಕಾರಿಗಳೇ ಅದರ ನ್ಯಾಯಮಂಡಳಿಯ ಅಧ್ಯಕ್ಷರು. ಹೀಗಾಗಿ ಸಕಲೇಶಪುರದ ಉಪವಿಭಾಗಾಧಿಕಾರಿಗಳ ಮೇಜಿನ ಮೇಲೆ ಎರಡು ಬಗೆಯ ಕಾಗದಗಳೂ ಬರಬಲ್ಲವು: ಸರ್ಕಾರ ಕೊಡಲಿಲ್ಲವೆಂಬ ಮನವಿ ಒಂದು, ಮಗ ಕೊಡಲಿಲ್ಲವೆಂಬ ಮನವಿ ಇನ್ನೊಂದು. ಎರಡನೆಯದನ್ನು ಬರೆಯುವ ಸಂದರ್ಭ ಯಾವ ತಾಯಿಗೂ ಬಾರದಿರಲಿ. ಬೆಂಗಳೂರಿನ ಮಗನು ಈ ಸಾಲುಗಳನ್ನು ಓದಿದರೆ, ತಾಯಿಯ ಮಾಸಾಶನದ ಅರ್ಜಿ ತನ್ನ ನಡತೆಯ ಸಾಕ್ಷಿಪತ್ರವೂ ಆಗಿದೆಯೆಂಬುದನ್ನು ಅರಿತಾನು.

ಮೇಲ್ಮನವಿಯನ್ನು ಪಂಚಾಚಾರಗಳ ಬೆಳಕಿನಲ್ಲಿ ನೋಡಿದರೆ ಅದರ ರೀತಿನೀತಿಗಳು ತಾವಾಗಿಯೇ ಗೊತ್ತಾಗುತ್ತವೆ. ಸತ್ಯಶುದ್ಧವಾದ ಬಾಳು ಸದಾಚಾರ. ಅರ್ಜಿಯ ಒಂದೊಂದು ಅಕ್ಷರವೂ ಅದಕ್ಕೆ ಒಳಪಟ್ಟಿರಬೇಕು. ಭಕ್ತರೆಲ್ಲರೂ ಸಮಾನರೆಂದು ಕಾಣುವುದು ಶಿವಾಚಾರ. ತನಗೆ ಕೇಳಿದುದನ್ನು ತನ್ನಂಥ ಇತರರಿಗೂ ಬಯಸಬೇಕು, ಅವರು ಯಾವ ಕುಲದವರೇ ಆಗಿರಲಿ. ಅನ್ಯಾಯವನ್ನು ಕಂಡು ಸುಮ್ಮನಿರದಿರುವ ದಿಟ್ಟತನ ಗಣಾಚಾರದ ತಿರುಳು. ಬಾಗಿಲಲ್ಲಿ ಗದರಿಸಿದರೆಂದು ಹಿಂದಿರುಗಬಾರದು. ತಾನು ಎಲ್ಲರಿಗಿಂತ ಕಿರಿಯನೆಂಬ ಭಾವ ಭೃತ್ಯಾಚಾರ. ಗದರಿಸಿದವನೊಡನೆಯೂ ಮಾತು ಮೃದುವಾಗಿರಬೇಕು. ಈ ಎಲ್ಲಕ್ಕೂ ಆಧಾರವಾಗಿರುವುದು ಲಿಂಗಾಚಾರ: ಲಿಂಗವೊಂದಕ್ಕೇ ಬಾಗುವ ತಲೆ ಮನುಷ್ಯನ ಕುರ್ಚಿಗೆ ಅಂಜಬೇಕಾಗಿಲ್ಲ, ದ್ವೇಷಿಸಬೇಕಾಗಿಯೂ ಇಲ್ಲ. ಗಣಾಚಾರವಿಲ್ಲದ ಭೃತ್ಯಾಚಾರ ದೈನ್ಯಕ್ಕೆ ಇಳಿಯುತ್ತದೆ. ಭೃತ್ಯಾಚಾರವಿಲ್ಲದ ಗಣಾಚಾರ ಜಗಳಕ್ಕೆ ಏರುತ್ತದೆ.

ಮೇಜಿನ ಆಚೆ ಕುಳಿತವನದೂ ಒಂದು ಕಾಯಕವೇ. ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರು. ಬೊಕ್ಕಸವನ್ನು ಜಂಗಮರಿಗೆ ಸೂರೆಮಾಡುತ್ತಿದ್ದಾರೆಂದು ಚಾಡಿಕೋರರು ಅರಸನಿಗೆ ದೂರಿದರೆಂದೂ, ಲೆಕ್ಕ ನೋಡಿದಾಗ ಒಂದು ಹೊನ್ನೂ ಕಡಿಮೆಯಾಗಿರಲಿಲ್ಲವೆಂದೂ ಪುರಾಣಗಳು ಹೇಳುತ್ತವೆ. ಲೆಕ್ಕ ಕೇಳಿದುದಕ್ಕೆ ಆ ಮಹಾಭಂಡಾರಿ ಸಿಟ್ಟಾಗಲಿಲ್ಲ. ಬಾಗಿಲು ತೆರೆದು ತೋರಿಸಿದರು. ಸರ್ಕಾರದ ಹಣವನ್ನು ಕಾಯುವ ಅಧಿಕಾರಿ ಅನರ್ಹನಿಗೆ ಇಲ್ಲವೆನ್ನುವುದು ಧರ್ಮವೇ. ಆದರೆ ಏಕೆ ಇಲ್ಲವೆಂಬುದನ್ನು ಬರೆದು ಕೊಡುವುದೂ ಅದೇ ಧರ್ಮದ ಭಾಗ. ಮೇಲ್ಮನವಿ ಬಂದರೆ ತನಗೆ ಅಪಮಾನವೆಂದು ತಿಳಿಯುವವನು ಭಂಡಾರವನ್ನು ತನ್ನದೆಂದು ಭಾವಿಸಿದಂತಾಯಿತು.

ಹೊರದೇಶಗಳಲ್ಲಿಯೂ ಈ ವಿಚಾರ ಪಕ್ವವಾಗಲು ಬಹುಕಾಲ ಹಿಡಿಯಿತು. ಇಂಗ್ಲೆಂಡಿನಲ್ಲಿ 1908ರ ಕಾಯಿದೆಯಂತೆ 70 ವರ್ಷದ ಬಡವರಿಗೆ ವೃದ್ಧಾಪ್ಯ ವೇತನ ಗೊತ್ತಾಗಿ, 1909ರ ಜನವರಿ 1ರಿಂದ ಹಣ ಸಂದಾಯವಾಗತೊಡಗಿತು. ಸ್ಥಳೀಯ ಸಮಿತಿಯ ತೀರ್ಮಾನದ ಮೇಲೆ ಮೇಲ್ಮನವಿಗೂ ಅದರಲ್ಲಿ ಅವಕಾಶವಿತ್ತು. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1970ರಲ್ಲಿ ಗೋಲ್ಡ್‌ಬರ್ಗ್ ಮತ್ತು ಕೆಲ್ಲಿ ಎಂಬ ಮೊಕದ್ದಮೆಯಲ್ಲಿ, ಬಡವರಿಗೆ ಬರುತ್ತಿರುವ ನೆರವನ್ನು ನಿಲ್ಲಿಸುವ ಮೊದಲೇ ಅವರ ಮಾತನ್ನು ಕೇಳಬೇಕು, ನಿಲ್ಲಿಸಿದ ಮೇಲೆ ಕೇಳುವುದು ಸಾಲದು ಎಂದು ತೀರ್ಪಿತ್ತಿತು. ಕಾರಣ ಸರಳವಾದುದು. ಧನಿಕನು ವಿಚಾರಣೆ ಮುಗಿಯುವವರೆಗೆ ಕಾಯಬಲ್ಲ. ಅಂದಿನ ಊಟಕ್ಕೆ ಅಂದಿನ ಹಣವನ್ನೇ ನಂಬಿದವನು ಕಾಯಲಾರ.

ನಮ್ಮಲ್ಲಿ ಇರುವ ದಾರಿಯನ್ನೂ ಗೃಹಸ್ಥರು ತಿಳಿದಿರುವುದು ಒಳ್ಳೆಯದು. ಅರ್ಜಿ ಹೋಬಳಿಯ ನಾಡಕಚೇರಿಯಲ್ಲಿ ಸಲ್ಲುತ್ತದೆ. ಸಲ್ಲಿಸಿದಾಗ ಸ್ವೀಕೃತಿ ಚೀಟಿಯನ್ನು ಕೇಳಿ ಪಡೆಯಬೇಕು. ಕರ್ನಾಟಕದ ಸಕಾಲ ಕಾಯಿದೆ 2011ರಲ್ಲಿ ರಚಿತವಾಗಿ 2012ರಲ್ಲಿ ಜಾರಿಗೆ ಬಂದು, ಸೇವೆಗಳಿಗೆ ದಿನಗಳ ಗಡುವನ್ನು ವಿಧಿಸಿದೆ. ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲಿ ಪಡೆಯಬೇಕು. ಬಾಯಿಮಾತಿನ ‘ಆಗುವುದಿಲ್ಲ’ವು ಆದೇಶವಲ್ಲ. ಸಕಾಲದಂತೆ ಮೊದಲ ಮೇಲ್ಮನವಿಗೆ 30 ದಿನಗಳ ಅವಧಿಯುಂಟು. ಆದುದರಿಂದ ಕಾಗದದ ಮೇಲಿನ ತಾರೀಖನ್ನು ಅಂದೇ ಗುರುತುಹಾಕಿಕೊಳ್ಳಬೇಕು. ಸ್ಥಳತನಿಖೆಯ ವರದಿಯಲ್ಲಿ ಏನು ಬರೆದಿದೆಯೆಂಬುದನ್ನು 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ ಕೇಳಬಹುದು. ಬಡತನದ ರೇಖೆಗಿಂತ ಕೆಳಗಿನವರಿಗೆ ಅದಕ್ಕೆ ಶುಲ್ಕವಿಲ್ಲ. ಆಲೂರು ತಾಲ್ಲೂಕೂ ಸಕಲೇಶಪುರದ ಉಪವಿಭಾಗಕ್ಕೇ ಸೇರಿರುವುದರಿಂದ, ತಹಶೀಲ್ದಾರರ ಮೇಲೆ ಉಪವಿಭಾಗಾಧಿಕಾರಿಗಳ ಬಳಿಗೆ ಹೋಗಬೇಕಾದಾಗ ಎರಡೂ ಕಡೆಯವರಿಗೆ ಊರು ಒಂದೇ. ಕಂದಾಯ ಇಲಾಖೆಯವರು ನಡೆಸುವ ಪಿಂಚಣಿ ಅದಾಲತ್ತುಗಳಲ್ಲಿಯೂ ತೊಡಕುಗಳನ್ನು ಮುಂದಿಡಬಹುದು. ವಕೀಲರ ನೆರವು ಬೇಕಾದ ಹೆಂಗಸರಿಗೂ ಬಡವರಿಗೂ 1987ರ ಕಾನೂನು ಸೇವೆಗಳ ಕಾಯಿದೆಯಂತೆ ಅದು ಉಚಿತವಾಗಿ ದೊರೆಯುತ್ತದೆ.

ಈ ದಾರಿಯಲ್ಲಿ ಒಂದು ಅಡ್ಡದಾರಿಯೂ ಉಂಟು. ಕಚೇರಿಯ ಹೊರಗೆ ನಿಂತವನೊಬ್ಬನು, ಇಷ್ಟು ಕೊಟ್ಟರೆ ನಾಳೆಯೇ ಆದೀತೆನ್ನುತ್ತಾನೆ. ಹಕ್ಕಿನದೇ ಹಣವಾದುದರಿಂದ ಕೊಟ್ಟರೆ ದೋಷವಿಲ್ಲವೆಂದು ಮನಸ್ಸು ಒಪ್ಪಿಸಲು ನೋಡುತ್ತದೆ. ಲಂಚಕ್ಕೆ ಕೈಯೊಡ್ಡುವುದಿಲ್ಲ, ದಾರಿಯಲ್ಲಿ ಬಿದ್ದ ಹೊನ್ನನ್ನೂ ಮುಟ್ಟುವುದಿಲ್ಲವೆಂದು ವ್ರತ ಹಿಡಿದವರು ಸತ್ಯಕ್ಕ. ಅವರ ಕಾಯಕ ಬೀದಿ ಗುಡಿಸುವುದು. ಲಂಚ ಕೊಟ್ಟು ಪಡೆದವನು ತನ್ನ ಹಕ್ಕನ್ನು ತಾನೇ ಕೊಂಡಂತಾಯಿತು. ಕೊಳ್ಳಲಾಗದ ನೆರೆಯವಳ ಬಾಗಿಲನ್ನು ಅವನೇ ಮುಚ್ಚಿದಂತಾಯಿತು.

ಅನರ್ಹರ ವಿಷಯದಲ್ಲಿ ಶ್ರೀಮಂತ ಭಕ್ತರು ತಮ್ಮ ಮನೆಯನ್ನೂ ಒಮ್ಮೆ ನೋಡಿಕೊಳ್ಳಬೇಕು. ಐದಾರು ಎಕರೆ ತೋಟವಿದ್ದೂ ಕಡಿಮೆ ಆದಾಯದ ಪತ್ರ ಬರೆಸಿಕೊಂಡು ಬಡವರ ಸಾಲಿನಲ್ಲಿ ನಿಂತವರು ಇಲ್ಲವೆಂದು ಎದೆ ಮುಟ್ಟಿ ಹೇಳಬಲ್ಲ ಊರು ಯಾವುದು? ಅಂಥ ಒಂದೊಂದು ಸುಳ್ಳು ಪತ್ರವೂ ಕಚೇರಿಯಲ್ಲಿ ಸಂಶಯವನ್ನು ಬೆಳೆಸುತ್ತದೆ. ಆ ಸಂಶಯ ಹೊಸ ತನಿಖೆಯಾಗಿ, ಹೊಸ ದಾಖಲೆಯ ಬೇಡಿಕೆಯಾಗಿ ಗುಡ್ಡದ ಮೇಲಿನ ವಿಧವೆಯ ತಲೆಯ ಮೇಲೆ ಬೀಳುತ್ತದೆ. ಕದ್ದವನು ಒಬ್ಬ, ಆಣೆ ಇಡಬೇಕಾದವಳು ಇನ್ನೊಬ್ಬಳು. ಲಕ್ಕಮ್ಮನವರ ಮಾತು ಮೊದಲು ಸಲ್ಲಬೇಕಾದುದು ಇಂಥ ಮನೆಗಳಿಗೆ: ಹೆಚ್ಚಾದುದನ್ನು ಹಿಂದಿರುಗಿಸಬೇಕು.

ಸಾಕ್ಷಿಯ ವಿಷಯವೂ ಹಾಗೆಯೇ. ಗ್ರಾಮ ಆಡಳಿತಾಧಿಕಾರಿ ಮನೆಯ ಮುಂದೆ ನಿಂತು ನೆರೆಯವರನ್ನು ವಿಚಾರಿಸಿದಾಗ, ನಮಗೇಕೆ ಊರ ಉಸಾಬರಿ ಎಂದು ಒಳಗೆ ಹೋಗುವವನು ಸುಳ್ಳು ಹೇಳಿಲ್ಲ ನಿಜ. ಸತ್ಯಕ್ಕೆ ನೆರವಾಗಲೂ ಇಲ್ಲ. ನಲವತ್ತು ವರ್ಷ ತನ್ನ ತೋಟದಲ್ಲಿ ದುಡಿದವಳ ವಯಸ್ಸಿಗೆ ತೋಟದೊಡೆಯನ ಹಾಜರಿ ಪುಸ್ತಕದಲ್ಲಿ ಆಧಾರ ಸಿಗಬಹುದು. ಅಟ್ಟದ ಮೇಲಿನ ಆ ಪುಸ್ತಕವನ್ನು ಹುಡುಕಿ ಕೊಡುವುದು ಒಂದು ದಿನದ ಶ್ರಮ. ಅದೂ ದಾಸೋಹವೇ.

ಮಠಗಳು ಅನ್ನದಾಸೋಹವನ್ನೂ ಅಕ್ಷರದಾಸೋಹವನ್ನೂ ನಡೆಸಿಕೊಂಡು ಬಂದಿವೆ. ಮಠದಲ್ಲಿ ಊಟವಿರುವಾಗ ಸರ್ಕಾರದ ಮಾಸಾಶನವೇಕೆಂದು ಕೇಳಬಾರದು. ಒಂದು ಹೊತ್ತಿನ ಪ್ರಸಾದ ಮನುಷ್ಯನ ಹಕ್ಕಿಗೆ ಬದಲಿಯಲ್ಲ. ಬದಲಾಗಿ ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಭಕ್ತರು ಸೇರುವ ದಿನ, ಓದುಬರಹ ಬಲ್ಲ ಇಬ್ಬರು ತರುಣರು ಮಠದ ಜಗಲಿಯ ಮೇಲೆ ಕುಳಿತು ಬಂದವರ ಕಾಗದಗಳನ್ನು ಓದಿ ಹೇಳಿ, ಬೇಕಾದವರಿಗೆ ಮನವಿ ಬರೆದುಕೊಟ್ಟರೆ ಸಾಕು. ಜಾತಿ ಕೇಳದೆ, ಹಣ ಮುಟ್ಟದೆ, ಸುಳ್ಳು ಬರೆಯದೆ ನಡೆಯುವ ಆ ಕೆಲಸ ಬರವಣಿಗೆಯ ದಾಸೋಹವಾದೀತು. ಓಲೆಗರಿಗಳಲ್ಲಿ ಹುದುಗಿದ್ದ ವಚನಗಳನ್ನು ಸಂಗ್ರಹಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದ ಫ. ಗು. ಹಳಕಟ್ಟಿಯವರು (1880–1964) ವೃತ್ತಿಯಿಂದ ವಕೀಲರು. ವಚನವನ್ನೂ ಕಾಯಿದೆಯನ್ನೂ ಬಲ್ಲ ಮನಸ್ಸು ಒಂದೇ ಆಗಿರಬಹುದೆಂಬುದಕ್ಕೆ ಅವರಿಗಿಂತ ಬೇರೆ ನಿದರ್ಶನ ಬೇಡ.

ಕೊನೆಯದಾಗಿ, ಮೇಲ್ಮನವಿಯೂ ಸೋತರೆ? ಸೋಲಬಹುದು. ನಿಯಮವೇ ಕಿರಿದಾಗಿದ್ದರೆ ನಿಯಮದಂತೆ ನಡೆದ ಅಧಿಕಾರಿಯನ್ನು ದೂಷಿಸಿ ಫಲವಿಲ್ಲ. ನಿಯಮವನ್ನು ಹಿರಿದುಮಾಡುವಂತೆ ಶಾಸಕರನ್ನು ಕೇಳುವುದು ಊರಿನವರೆಲ್ಲರ ಕೆಲಸ. ಆದರೆ ಸತ್ಯವನ್ನೇ ಬರೆದು, ಲಂಚ ಕೊಡದೆ, ಕಟುವಾಡದೆ ಕೇಳಿ ಸೋತವಳು ಬೇಡಿ ಬರಿಗೈಯಲ್ಲಿ ಬಂದವಳಲ್ಲ. ಆಕೆಯ ಪ್ರಶ್ನೆ ಕಡತದಲ್ಲಿ ಉಳಿಯುತ್ತದೆ; ಉತ್ತರ ಹೇಳಬೇಕಾದವನ ಮನಸ್ಸಿನಲ್ಲಿಯೂ ಉಳಿಯುತ್ತದೆ. ಮುಂದಿನ ಅರ್ಜಿಯನ್ನು ಅವನು ಇನ್ನೊಂದಿಷ್ಟು ಎಚ್ಚರದಿಂದ ಓದಿದರೆ, ಆ ಫಲ ಆಕೆಗೆ ಕಾಣದ ಮತ್ತೊಬ್ಬ ವೃದ್ಧೆಗೆ ಸಲ್ಲುತ್ತದೆ. ಆದುದರಿಂದ ಗುಡ್ಡದ ಮೇಲಿನ ಆ ತಾಯಿ ಅಂಜಬೇಕಾಗಿಲ್ಲ. ಲಿಂಗಪೂಜೆಯನ್ನು ಮುಗಿಸಿ, ಕಾಗದಗಳನ್ನು ಜೋಡಿಸಿಕೊಂಡು, ಬೆಳಗಿನ ಬಸ್ಸಿಗೆ ಹೊರಡಬಹುದು. ಓದಬಲ್ಲ ನೆರೆಯವರೊಬ್ಬರು ಜೊತೆಗೆ ಹೊರಟರೆ ಅದು ಇನ್ನೂ ಲೇಸು.